ಮಲೆನಾಡಿನ ಗೆಳತಿಯರಿಗೆ ಕೋಲಾರದಲ್ಲಿ ಏನು ತೋರಿಸಲಿ?

ಮುಂದಿನ ತಿಂಗಳು ತೀರ್ಥಹಳ್ಳಿಯಿಂದ ನನ್ನ ಕಾಲೇಜು ಗೆಳತಿಯರು ಮೂವರು ಎರಡು ದಿನಕ್ಕೆ ಕೋಲಾರಕ್ಕೆ ಬರುತ್ತಿದ್ದಾರೆ. ಹುಟ್ಟಿ ಬೆಳೆದ ಊರಾದರೂ ಏನು ತೋರಿಸಬೇಕೆಂದು ತೋಚುತ್ತಿಲ್ಲ. ಹೊಳೆ, ಕಾಡು, ಜಲಪಾತಗಳ ನಡುವೆ ಬೆಳೆದವರು ಅವರು. ನೆಂಟರನ್ನು, ಸ್ನೇಹಿತರನ್ನು ಸುತ್ತಾಡಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಕೋಟೆ ಬಡಾವಣೆಯಿಂದ ಒಬ್ಬರು:

ನಮ್ಮ ಯಜಮಾನರ ಸ್ನೇಹಿತರ ಕುಟುಂಬ ಸಾಗರದಿಂದ ಬಂದಿದ್ದಾಗ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಕೋಲಾರವೆಂದರೆ ಚಿನ್ನ ಎಂದುಕೊಂಡು ಬಂದವರನ್ನು ಮೊದಲ ದಿನವೇ ಕೆಜಿಎಫ್‌ಗೆ ಕರೆದುಕೊಂಡು ಹೋದೆವು. ಗಣಿ 2001ರಲ್ಲೇ ಮುಚ್ಚಿದೆ, ಒಳಗೆ ಇಳಿಯುವ ಮಾತೇ ಇಲ್ಲ. ಮಟಮಟ ಮಧ್ಯಾಹ್ನದಲ್ಲಿ ಸೈನೈಡ್ ಗುಡ್ಡಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳನ್ನು, ದೂರದಿಂದ ನೋಡಿ ಮಕ್ಕಳ ಮುಖ ಬಾಡಿಹೋಯಿತು.

ಮರುದಿನ ಬೆಳಗಿನ ಜಾವವೇ ಎದ್ದು ಅಂತರಗಂಗೆಯ ಮೆಟ್ಟಿಲು ಹತ್ತಿದೆವು. ಮೇಲೆ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವುದು ಒಂದು ಸಣ್ಣ ಧಾರೆ, ಅಷ್ಟೇ. ಜೋಗದ ಪಕ್ಕದಲ್ಲಿರುವವರು ಇದನ್ನೇನು ನೋಡುತ್ತಾರೆ ಎಂದು ನನಗೆ ಅಳುಕಿತ್ತು. ಆದರೆ ಅವರ ಅತ್ತೆ ಬೊಗಸೆಯೊಡ್ಡಿ ನೀರು ಕುಡಿದರು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ತಲೆಯೆತ್ತಿ ಬಂಡೆಗಳನ್ನು ನೋಡಿದರು. "ಇಷ್ಟು ಒಣಗಿದ ಬೆಟ್ಟದೊಳಗೆ ಈ ನೀರು ಎಲ್ಲಿತ್ತಮ್ಮ?" ಎಂದು ಕೇಳಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ನಮ್ಮ ಕೆರೆಗಳ ಕಥೆ, ಸಾವಿರ ಅಡಿ ಕೊರೆದರೂ ಬತ್ತಿಹೋಗುವ ಕೊಳವೆಬಾವಿಗಳ ಕಥೆ ಹೇಳಿದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಊರಿನಲ್ಲಿ ಆ ಧಾರೆಗೆ ಎಷ್ಟು ಬೆಲೆ ಎಂಬುದು, ನೀರಿನ ನಾಡಿನಿಂದ ಬಂದ ಆಕೆಗೆ ನನಗಿಂತ ಬೇಗ ಅರ್ಥವಾಯಿತು. ನಿಮ್ಮ ಗೆಳತಿಯರನ್ನೂ ಮೊದಲು ಅಲ್ಲಿಗೇ ಕರೆದೊಯ್ಯಿರಿ. ಕೈಯಲ್ಲಿ ತಿಂಡಿಯ ಚೀಲ ಮಾತ್ರ ಬೇಡ, ಕೋತಿಗಳು ಬಿಡುವುದಿಲ್ಲ.

ಇಳಿದು ಬಂದ ಮೇಲೆ ಕೋಲಾರಮ್ಮನ ಗುಡಿ. ಅಮ್ಮನ ದರ್ಶನ ಕನ್ನಡಿಯಲ್ಲಿ ಆಗುತ್ತದೆ ಎಂಬುದನ್ನು ಮೊದಲೇ ಹೇಳಬೇಡಿ, ಅವರೇ ನೋಡಲಿ. ಚೇಳಿನ ದೇವತೆ ಚೇಳಮ್ಮನೂ ಅಲ್ಲೇ ಇದ್ದಾಳೆ. ಗೋಡೆಗಳ ಮೇಲಿನ ಚೋಳರ ಕಾಲದ ತಮಿಳು ಶಾಸನಗಳನ್ನು ತೋರಿಸಿ. ಸೋಮೇಶ್ವರ ದೇವಸ್ಥಾನ ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. ವಿಜಯನಗರದ ಕಾಲದ ಕಲ್ಯಾಣ ಮಂಟಪದ ಕಂಬಗಳ ಮುಂದೆ ಅವಸರ ಮಾಡಬೇಡಿ. ಒಂದು ದಿನಕ್ಕೆ ಇಷ್ಟು ಸಾಕು.

ಮುಳಬಾಗಿಲಿನಿಂದ ಒಬ್ಬರು:

ಎರಡನೆಯ ದಿನ ನಮ್ಮ ಕಡೆ ಬನ್ನಿ. ಬೆಳಗಿನ ತಿಂಡಿಗೆ ತುಪ್ಪದಲ್ಲಿ ಕೆಂಪಗೆ ಬೆಂದ ದಪ್ಪನೆಯ ಮುಳಬಾಗಿಲು ದೋಸೆ, ಆಮೇಲೆ ಕುರುಡುಮಲೆಯ ಗಣಪ. ಒಂದೇ ಕಲ್ಲಿನ ಆ ಮೂರ್ತಿ ಆಳೆತ್ತರಕ್ಕಿಂತ ಬಹಳ ದೊಡ್ಡದು. ಸಂಜೆಗೆ ಆವಣಿ ಬೆಟ್ಟ ಹತ್ತಿಸಿ. ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಗೆಳತಿಯರಿಗೆ ಓದುವ ಹವ್ಯಾಸವಿದ್ದರೆ ಡಿವಿಜಿ ಹುಟ್ಟಿದ ಊರು ನಮ್ಮ ಮುಳಬಾಗಿಲು ಎಂದೂ ತಿಳಿಸಿ.

ಟೊಮೆಟೊ ಬೆಳೆಗಾರರೊಬ್ಬರು:

ದೇವಸ್ಥಾನಗಳ ಜೊತೆಗೆ ನಮ್ಮ ಮಂಡಿಯನ್ನೂ ತೋರಿಸಿ ತಾಯಿ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆ.ಜಿ.ಯ ಕ್ರೇಟ್‌ಗಳು ಸಾಲುಸಾಲಾಗಿ ನಿಂತಿರುವಾಗ ಹರಾಜು ಕೂಗುವುದನ್ನು ಅವರು ಕೇಳಬೇಕು. ಹೋದ ವರ್ಷ ನನ್ನ ಮಗನ ಹಾಸ್ಟೆಲ್ ಸ್ನೇಹಿತರು ಬಂದಿದ್ದರು. ನಮ್ಮ ಕ್ರೇಟ್‌ಗಳಿಗೆ ಬೆಲೆ ಕಟ್ಟುವಾಗ ನನ್ನ ಪಕ್ಕದಲ್ಲೇ ಉಸಿರು ಬಿಗಿಹಿಡಿದು ನಿಂತಿದ್ದರು. ಆ ದಿನ ಸಿಕ್ಕ ಬೆಲೆ ಏನೇನೂ ಸಾಲದು. ಊಟದ ಹೊತ್ತಿಗೆ ಅದರಲ್ಲೊಬ್ಬ ಹುಡುಗ ತಟ್ಟೆಯ ಅಂಚಿನಲ್ಲಿ ಎತ್ತಿಟ್ಟಿದ್ದ ಟೊಮೆಟೊ ಹೋಳುಗಳನ್ನು ಒಂದೊಂದಾಗಿ ತೆಗೆದು ತಿಂದ. ಲೋಡು ಇಳಿಸುವವರ ದಾರಿಗೆ ಅಡ್ಡ ನಿಲ್ಲದಿದ್ದರೆ ಯಾರೂ ಬೇಡ ಎನ್ನುವುದಿಲ್ಲ.