ಟ್ಯಾನಿಂಗ್ ಲ್ಯಾಂಪು, ಬಾವಂಚಿ ಎಣ್ಣೆ, ನಿಂಬೆಹಣ್ಣು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಪ್ರಕಾಶ್ ಅವರು "ಜರ್ಮನಿಯಿಂದ ತಂದ ಟ್ಯಾನಿಂಗ್ ಲ್ಯಾಂಪ್ ಮಾರಾಟಕ್ಕಿದೆ" ಅಂತ ಈ ಗುಂಪಲ್ಲಿ ಹಾಕಿದಾಗ ಶುರುವಾದ ಚರ್ಚೆ ಇನ್ನೂ ನಿಂತಿಲ್ಲ. (ಯುವಿ, ಅಂದ್ರೆ ಅತಿನೇರಳೆ ಕಿರಣ ಬಿಟ್ಟು ಮೈ ಕಪ್ಪಾಗಿಸೋ ದೀಪ ಅದು.) ಅದಕ್ಕೇ ಬನಶಂಕರಿಯ ನಮ್ಮ ಸದಸ್ಯೆ, ಚರ್ಮದ ಡಾಕ್ಟರ್ ಮಾಲಿನಿ ಮೇಡಂ ಇವತ್ತು 10ರಿಂದ 12ರವರೆಗೆ ಇಲ್ಲೇ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫೋಟೋದಲ್ಲಿ ಮುಖ ಬೇಡ. ಫಾರ್ವರ್ಡ್ ಖಂಡಿತ ಬೇಡ.

ಕಾರ್ತಿಕ್, ಹನುಮಂತನಗರ: ಮೇಡಂ, ಮುಂದಿನ ತಿಂಗಳು ಬಾಡಿಬಿಲ್ಡಿಂಗ್ ಕಾಂಪಿಟೀಷನ್ ಇದೆ. ಸ್ಟೇಜ್ ಲೈಟಿಗೆ ಕಟ್ಸ್ (ಸ್ನಾಯುಗಳ ಗೆರೆ) ಕಾಣಬೇಕಂದ್ರೆ ಮೈ ಇನ್ನೂ ಕಪ್ಪಗಿರಬೇಕು. ಕೋಚು ಅಂಥ ಲ್ಯಾಂಪ್‌ಗಳಿರೋ ಟ್ಯಾನಿಂಗ್ ಬೆಡ್‌ನಲ್ಲಿ ದಿನಾ ಹತ್ತು ನಿಮಿಷ ಮಲಗು ಅಂತಿದ್ದಾರೆ. ಸೇಫಾ?

ಡಾ. ಮಾಲಿನಿ: ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಟ್ಯಾನಿಂಗ್ ಬೆಡ್, ಲ್ಯಾಂಪ್‌ಗಳನ್ನ ಮೊದಲ ಗುಂಪಿಗೆ, ಅಂದ್ರೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಪಟ್ಟಿಗೆ ಸೇರಿಸಿದೆ. ತಂಬಾಕು, ಕಲ್ನಾರು ಇರೋದೂ ಅದೇ ಗುಂಪಿನಲ್ಲಿ. ಅದೇ ವರ್ಷ ಬ್ರೆಜಿಲ್ ಇದನ್ನ ನಿಷೇಧಿಸಿತು, ಆಮೇಲೆ ಆಸ್ಟ್ರೇಲಿಯಾದಲ್ಲೂ ಆ ಅಂಗಡಿಗಳು ಮುಚ್ಚಿದವು. ನಿಮಗೆ ಬೇಕಿರೋದು ಬಣ್ಣ ತಾನೇ? ಸ್ಪ್ರೇ ಟ್ಯಾನ್ ಹಾಕಿಸಿಕೊಳ್ಳಿ. ಅದರಲ್ಲಿರೋ ಡಿಎಚ್‌ಎ ಅನ್ನೋ ವಸ್ತು ಚರ್ಮದ ತೀರಾ ಮೇಲಿನ ಸತ್ತ ಪದರಕ್ಕೆ ಬಣ್ಣ ಹಿಡಿಸುತ್ತೆ, ಒಂದು ವಾರದಲ್ಲಿ ಆ ಪದರದ ಜೊತೆಗೇ ಉದುರಿಹೋಗುತ್ತೆ. ಹಿಂದಿನ ದಿನ ಮೈ ಉಜ್ಜಿ ಸ್ನಾನ ಮಾಡಿ. ಮಂಡಿ, ಮೊಣಕೈಗೆ ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿ, ಇಲ್ಲದಿದ್ರೆ ಅಲ್ಲೇ ಬಣ್ಣ ಜಾಸ್ತಿ ಕುಡಿದು ತೇಪೆ ಹಾಕಿದ ಹಾಗೆ ಕಾಣುತ್ತೆ. ಸ್ಪ್ರೇ ಹೊಡೆಯುವಾಗ ಕಣ್ಣು, ತುಟಿ ಮುಚ್ಚಿರಲಿ, ಉಸಿರಲ್ಲಿ ಒಳಗೆ ಎಳ್ಕೋಬೇಡಿ. ಆ ಬಣ್ಣ ಬಿಸಿಲನ್ನ ತಡೆಯಲ್ಲ ಅನ್ನೋದು ನೆನಪಿರಲಿ. ಮೊಡವೆಗೆ ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ?

ಕಾರ್ತಿಕ್, ಹನುಮಂತನಗರ: ಡಾಕ್ಸಿ ಮೇಡಂ. ಎರಡು ತಿಂಗಳಾಯ್ತು.

ಡಾ. ಮಾಲಿನಿ: ಹಾಗಿದ್ರೆ ಬೆಡ್ ಹಾಗಿರಲಿ, ಮಧ್ಯಾಹ್ನದ ಟೆರೇಸೂ ಬೇಡ. ಡಾಕ್ಸಿಸೈಕ್ಲಿನ್ ತಗೊಳ್ಳೋವಾಗ ಚರ್ಮ ಬೇಗ ಸುಡುತ್ತೆ. ಮೈ ಕಪ್ಪಾಗಿಸೋಕೆ ಮೆಲನೋಟಾನ್ ಅಂತ ಇಂಜೆಕ್ಷನ್ನೋ ಮೂಗಿನ ಸ್ಪ್ರೇಯೋ ಜಿಮ್‌ನಲ್ಲಿ ಯಾರಾದ್ರೂ ಕೊಟ್ರೆ ಮುಟ್ಟಬೇಡಿ.

ಸುಮಾ, ಜಯನಗರ: ಡಾಕ್ಟ್ರೇ, ಸ್ಕೂಟರ್ ಓಡಿಸಿ ಕೈಯೆಲ್ಲ ಎರಡು ಬಣ್ಣ ಆಗಿದೆ. ಒಳ್ಳೆ ಡಿ-ಟ್ಯಾನ್ ಪ್ಯಾಕ್ ಯಾವುದು?

ಡಾ. ಮಾಲಿನಿ: ಟ್ಯಾನ್ ಅಂದ್ರೆ ಮೇಲೆ ಮೆತ್ತಿದ ಕೊಳೆ ಅಲ್ಲ, ಉಜ್ಜಿದ್ರೆ ಹೋಗಲ್ಲ. ತುಂಬು ತೋಳು ಹಾಕ್ಕೊಳ್ಳಿ, ಎಸ್‌ಪಿಎಫ್ (ಬಿಸಿಲು ತಡೆಯೋ ಅಳತೆ) 30ಕ್ಕೆ ಕಮ್ಮಿ ಇಲ್ಲದ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿ, ಒಂದೆರಡು ತಿಂಗಳು ಕಾಯಿರಿ. ಪಾರ್ಲರ್ ಡಿ-ಟ್ಯಾನ್‌ನಲ್ಲಿ ಎಷ್ಟೋ ಸಲ ಬ್ಲೀಚ್ ಇರುತ್ತೆ. ಕೈಮೇಲಿನ ಕೂದಲನ್ನ ಬೆಳ್ಳಗೆ ಮಾಡಿ ಕಳಿಸ್ತಾರೆ ಅಷ್ಟೆ. ಬೆಂಗಳೂರು ತಂಪು ಅಂತ ನಾವೆಲ್ಲ ಮೋಸಹೋಗ್ತೀವಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೀವಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಯುವಿ ಸೂಚ್ಯಂಕ ಸುಲಭವಾಗಿ 11, ಅಂದ್ರೆ ವಿಪರೀತದ ಮಟ್ಟ, ದಾಟುತ್ತೆ. ಗಾಳಿ ತಣ್ಣಗಿದ್ದ ಮಾತ್ರಕ್ಕೆ ಯುವಿ ಕಮ್ಮಿಯಾಗಲ್ಲ.

ಅಭಿ, ಎಲೆಕ್ಟ್ರಾನಿಕ್ ಸಿಟಿ: ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಬರೀ 11 ಬಂದಿದೆ. ದಿನವಿಡೀ ಎಸಿ ಆಫೀಸು. ಟ್ಯಾನಿಂಗ್ ಲ್ಯಾಂಪ್ ಇಟ್ಕೊಂಡ್ರೆ ಸರಿಹೋಗುತ್ತಾ? ಸದ್ಯಕ್ಕೆ ಫ್ರೆಂಡ್ ಹೇಳಿದ ಅರವತ್ತು ಸಾವಿರದ ಮಾತ್ರೆ ದಿನಾ ಒಂದು ತಗೊಳ್ತಿದ್ದೀನಿ.

ಡಾ. ಮಾಲಿನಿ: ದಿನಾ?? ಅದು ವಾರಕ್ಕೊಂದು ನುಂಗೋ ಮಾತ್ರೆ. ಇವತ್ತೇ ನಿಲ್ಲಿಸಿ, ನಾಳೆ ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ, ರಿಪೋರ್ಟ್ ಹಿಡಿದು ಫಿಸಿಷಿಯನ್ ಹತ್ತಿರ ಹೋಗಿ. ಲ್ಯಾಂಪ್ ಬೇಡ. ಯುವಿಯಲ್ಲಿ ಬೇರೆ ಬೇರೆ ಬಗೆ ಇದೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗೋದು ಯುವಿಬಿ ಅನ್ನೋದರಿಂದ, ಈ ಟ್ಯಾನಿಂಗ್ ಲ್ಯಾಂಪ್‌ಗಳು ಉಗುಳೋದು ಹೆಚ್ಚಾಗಿ ಯುವಿಎ.

ನಾಗರಾಜ್, ಗಿರಿನಗರ: "ಟ್ಯಾನ್ ಹೋಗಲು ಅಜ್ಜಿಯ ಮದ್ದು: ನಿಂಬೆರಸ, ಸಕ್ಕರೆ, ಚಿಟಿಕೆ ಅಡುಗೆ ಸೋಡಾ ಕಲಸಿ ಹಚ್ಚಿ ಎಳೆಬಿಸಿಲಲ್ಲಿ 20 ನಿಮಿಷ ಕುಳಿತುಕೊಳ್ಳಿ. ಎಲ್ಲರಿಗೂ ಹಂಚಿ."

ಡಾ. ಮಾಲಿನಿ: ಹಂಚಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಬೊಬ್ಬೆ ಬರುತ್ತೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತೆ. ಕಡಲೆಹಿಟ್ಟು, ಮೊಸರು ಹಚ್ಚೋರು ಹಚ್ಕೊಳ್ಳಿ, ಲಾಭ ಇಲ್ಲ, ಜೀವಕ್ಕೇನೂ ಅಪಾಯವೂ ಇಲ್ಲ.

ಪವಿತ್ರಾ, ಬಸವನಗುಡಿ: ಜೆಲ್ ನೇಲ್ ಪಾಲಿಷ್ ಒಣಗಿಸೋ ಲ್ಯಾಂಪೂ ಯುವಿ ತಾನೇ? ತಿಂಗಳಿಗೊಮ್ಮೆ ಹೋಗ್ತೀನಿ.

ಡಾ. ಮಾಲಿನಿ: ಹೌದು, ಯುವಿಎ. ತಿಂಗಳಿಗೊಮ್ಮೆ ಕೆಲವು ನಿಮಿಷ ಅಂದ್ರೆ ಅಪಾಯ ಕಮ್ಮಿ. ಕೈಗೆ ಸನ್‌ಸ್ಕ್ರೀನ್ ಹಚ್ಚಿ, ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕ್ಕೊಂಡು ಕೂತ್ಕೊಳ್ಳಿ.

ರೂಪಾ, ಕತ್ರಿಗುಪ್ಪೆ: ಮೇಡಂ, ಹೇಗೆ ಕೇಳೋದೋ ಗೊತ್ತಾಗ್ತಿಲ್ಲ. ಮಗಳಿಗೆ 22. ಎರಡು ವರ್ಷದಿಂದ ಮೊಣಕಾಲ ಕೆಳಗೆ ಎರಡು ಬಿಳಿ ಕಲೆ, ತೊನ್ನು ಅಂದಿದ್ರು. ಮುಂದಿನ ತಿಂಗಳು ನಿಶ್ಚಿತಾರ್ಥ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಹಿಡಿದ್ರೆ ಬಣ್ಣ ಬರುತ್ತೆ ಅಂತ ಫಾರ್ವರ್ಡ್ ಬಂದಿತ್ತು. ನಮ್ಮದು ಗ್ರೌಂಡ್ ಫ್ಲೋರು, ಬಿಸಿಲೇ ಬೀಳಲ್ಲ. ಅದಕ್ಕೆ ಪ್ರಕಾಶ್ ಅವರ ಲ್ಯಾಂಪ್ ತಗೊಂಡ್ವಿ. ಶುಕ್ರವಾರ ಸಂಜೆ ಹದಿನೈದು ನಿಮಿಷ ಇಟ್ವಿ, ಏನೂ ಆಗಲಿಲ್ಲ. ನಿನ್ನೆ ಅರ್ಧ ಗಂಟೆ. ಇವತ್ತು ಬೆಳಿಗ್ಗೆ ಕೆಂಪಗಾಗಿ ಉರಿ ಅಂತಿದ್ದಾಳೆ. ಫೋಟೋ ಹಾಕಿದ್ದೀನಿ. ಅಲೋವೆರಾ ಹಚ್ಚಲಾ?

ಡಾ. ಮಾಲಿನಿ: ರೂಪಾ ಅವರೇ, ಉಳಿದವರು ಕಾಯಲಿ, ನೀವು ಇದನ್ನ ಪೂರ್ತಿ ಓದಿ.

ಮೊದಲು ಸೋಪು ಹಾಕಿ ಆ ಎಣ್ಣೆ ಪೂರ್ತಿ ತೊಳೀರಿ, ಉಜ್ಜಬೇಡಿ. ಆಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ. ಐಸ್ ಬೇಡ, ಅಲೋವೆರಾ ಬೇಡ, ಅರಿಶಿನ ಬೇಡ, ಟೂತ್‌ಪೇಸ್ಟ್ ಬೇಡ, ಮನೆಯಲ್ಲಿರೋ ಯಾವ ಕ್ರೀಮೂ ಬೇಡ. ಕಾಲಿಗೆ ದಪ್ಪ ಬಟ್ಟೆಯ ಪ್ಯಾಂಟು ಹಾಕಿಸಿ. ಕಿಟಕಿ ಪಕ್ಕವೂ ಕೂರಿಸಬೇಡಿ, ಗಾಜು ಯುವಿಎಯನ್ನ ತಡೆಯಲ್ಲ. ಬೊಬ್ಬೆ ಬಂದ್ರೆ ಒಡೆಯಬೇಡಿ. ಇವತ್ತೇ ಒಂದು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಎಣ್ಣೆಯ ಬಾಟಲಿಯನ್ನೂ ತಗೊಂಡು ಹೋಗಿ. ಭಾನುವಾರ ಒಪಿಡಿ ಇರಲ್ಲ, ಕ್ಯಾಶುವಾಲಿಟಿಗೇ ಹೋಗಿ. ವಿಕ್ಟೋರಿಯಾದಲ್ಲಿ ಸುಟ್ಟಗಾಯದ ವಾರ್ಡೇ ಇದೆ.

ಇಷ್ಟು ಅವಸರ ಯಾಕೆ ಅಂದ್ರೆ, ಇದು ಇನ್ನೂ ಶುರು. ಬಾವಂಚಿ ಬೀಜದಲ್ಲಿ ಸೋರಾಲೆನ್ ಅನ್ನೋ ವಸ್ತು ಇದೆ. ಅದು ಚರ್ಮದಲ್ಲಿ ಸುಮ್ಮನೆ ಕೂತಿರುತ್ತೆ, ಯುವಿಎ ಬಿದ್ದ ತಕ್ಷಣ ಎಚ್ಚರಗೊಂಡು ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತೆ. ಮಾಮೂಲಿ ಬಿಸಿಲಿನ ಸುಡು ಅದೇ ದಿನ ಗೊತ್ತಾಗುತ್ತೆ. ಇದು ಹಾಗಲ್ಲ. ಒಂದು ದಿನ ಬಿಟ್ಟು ಕೆಂಪಾಗುತ್ತೆ, ಮೂರನೇ ನಾಲ್ಕನೇ ದಿನಕ್ಕೆ ಅತಿ ಹೆಚ್ಚಾಗುತ್ತೆ. ಶುಕ್ರವಾರ ಏನೂ ಆಗಲಿಲ್ಲ ಅಂದ್ರಲ್ಲ, ಆಗಿತ್ತು, ಕಾಣಲಿಲ್ಲ ಅಷ್ಟೆ. ಅದರ ಮೇಲೆ ನಿನ್ನೆ ಅರ್ಧ ಗಂಟೆ ಬಿದ್ದಿದೆ. ಇವತ್ತು ನೋಡ್ತಿರೋದು ಶುಕ್ರವಾರದ್ದು. ನಿನ್ನೆಯದು ಇನ್ನೂ ಬರಬೇಕು.

ಫೋಟೋದಲ್ಲಿ ಕಣಕಾಲಿನ ಕಡೆ ಇಳಿದಿರೋ ಎರಡು ಕೆಂಪು ಗೆರೆ ನೋಡಿ. ಅಲ್ಲಿ ತೊನ್ನಿಲ್ಲ. ಎಣ್ಣೆ ಇಳಿದ ದಾರಿ ಅದು. ಅದು ಕಂಡ ಮೇಲೆ ನನಗೆ ಬೇರೆ ಅನುಮಾನ ಉಳಿದಿಲ್ಲ. ನಿಂಬೆರಸದ ಸುಡೂ ಹೀಗೇ ಗೆರೆಗೆರೆ ಬರುತ್ತೆ, ಅದರಲ್ಲೂ ಇದೇ ಜಾತಿಯ ವಸ್ತು ಇದೆ.

ಇನ್ನೊಂದು ವಿಷಯ. ತೊನ್ನು ಇರುವವರಿಗೆ ಗಾಯ, ಸುಡು ಆದ ಜಾಗದಲ್ಲೇ ಹೊಸ ಬಿಳಿ ಕಲೆ ಏಳೋದುಂಟು. ಎರಡು ಕಲೆ ನಾಲ್ಕಾಗಬಾರದು ಅನ್ನೋದು ನನ್ನ ಚಿಂತೆ. ಲ್ಯಾಂಪ್ ಆನ್ ಇದ್ದಾಗ ಕಣ್ಣಿಗೆ ಏನಾದ್ರೂ ಹಾಕಿದ್ಲಾ?

ರೂಪಾ, ಕತ್ರಿಗುಪ್ಪೆ: ಇಲ್ಲ ಮೇಡಂ. ಫೋನ್ ನೋಡ್ತಾ ಕೂತಿದ್ಲು. ಕನ್ನಡಕ ಇತ್ತೇ ಅಂತಲೂ ಗೊತ್ತಿಲ್ಲ.

ಪ್ರಕಾಶ್, ಪದ್ಮನಾಭನಗರ: ಡಬ್ಬದಲ್ಲಿ ಎರಡು ಜೊತೆ ಕನ್ನಡಕ ಇತ್ತು. ಮ್ಯಾನ್ಯುಯಲ್ ಕೂಡ ಕೊಟ್ಟಿದ್ದೀನಿ. ಇಲ್ಲಿ ನನ್ನ ಹೆಸರು ಎಳೆಯೋದು ಯಾಕೆ?

ಪವಿತ್ರಾ, ಬಸವನಗುಡಿ: ಮ್ಯಾನ್ಯುಯಲ್ ಯಾವ ಭಾಷೆಯಲ್ಲಿತ್ತು ಸರ್?

ಪ್ರಕಾಶ್, ಪದ್ಮನಾಭನಗರ: ಜರ್ಮನ್. ಚಿತ್ರ ಇದೆ.

ನಾಗರಾಜ್, ಗಿರಿನಗರ: ಬಾವಂಚಿ ಫಾರ್ವರ್ಡ್ ಹಾಕಿದ್ದು ನಾನೇ, ಒಪ್ಕೋತೀನಿ. ಆದ್ರೆ ಅದು ನಮ್ಮ ಪೂರ್ವಿಕರ ಔಷಧಿ. ಇಂಗ್ಲಿಷ್ ಡಾಕ್ಟರುಗಳಿಗೆ ಆಯುರ್ವೇದ ಅಂದ್ರೆ ಯಾಕಿಷ್ಟು ತಾತ್ಸಾರ?

ಡಾ. ಮಾಲಿನಿ: ತಾತ್ಸಾರ ಯಾರು ಮಾಡಿದ್ರು? ಬಾವಂಚಿ ಕೆಲಸ ಮಾಡುತ್ತೆ, ಮಾಡೋದ್ರಿಂದಲೇ ಸುಟ್ಟಿದ್ದು. ಇದೇ ಸೋರಾಲೆನ್ನು ಮತ್ತು ಯುವಿಎ ಸೇರಿಸಿ ತೊನ್ನಿಗೆ ನಮ್ಮ ವಿಭಾಗದಲ್ಲೇ ಚಿಕಿತ್ಸೆ ಕೊಟ್ಟಿದ್ದೀವಿ. ಎಷ್ಟು ಹಚ್ಚಬೇಕು, ಎಷ್ಟು ಬೆಳಕು, ಎಷ್ಟು ದಿನ ಬಿಟ್ಟು ಅಂತ ಲೆಕ್ಕ ಇರುತ್ತೆ. ಈಗ ಹೆಚ್ಚಾಗಿ ಎಣ್ಣೆ, ಮಾತ್ರೆ ಯಾವುದೂ ಇಲ್ಲದೆ 311 ನ್ಯಾನೋಮೀಟರಿನ ಯುವಿಬಿ ಬೆಳಕನ್ನೇ ವಾರಕ್ಕೆ ಎರಡು ಮೂರು ಸಲ ಕೊಡ್ತೀವಿ, ಎರಡು ದಿನ ಒಟ್ಟಿಗೆ ಕೊಡಲ್ಲ. ಒಳ್ಳೆ ವೈದ್ಯರು ಆಯುರ್ವೇದದಲ್ಲೂ ಕಾಲು ನೋಡದೆ ಎಣ್ಣೆ ಕೊಡಲ್ಲ. ನೀವು ಯಾರ ಕಾಲು ನೋಡಿದ್ರಿ?

ನಾಗರಾಜ್, ಗಿರಿನಗರ: ನಮ್ಮ ಬಣ್ಣಕ್ಕೆ ಸ್ಕಿನ್ ಕ್ಯಾನ್ಸರ್ ಬರಲ್ಲ ಬಿಡಿ. ಅದೆಲ್ಲ ಬಿಳಿಯರ ಕಾಯಿಲೆ.

ಪವಿತ್ರಾ, ಬಸವನಗುಡಿ: ಅಂಕಲ್, ಹೋದ ತಿಂಗಳು ನಿಮ್ಮ ಮಗನಿಗೆ "ಬೆಳ್ಳಗಿರುವ ಹುಡುಗಿ ಬೇಕು" ಅಂತ ಇದೇ ಗುಂಪಲ್ಲಿ ಹಾಕಿದ್ರಿ. ಈಗ ನಮ್ಮ ಬಣ್ಣದ ಮೇಲೆ ಅಷ್ಟೊಂದು ಹೆಮ್ಮೆ?

ನಾಗರಾಜ್, ಗಿರಿನಗರ: ಅದು ಬೇರೆ ವಿಷಯ. ದೊಡ್ಡವರ ಹತ್ತಿರ ಹೇಗೆ ಮಾತಾಡ್ಬೇಕು ಅಂತ ಕಲ್ತ್ಕೋ.

ಸುಬ್ಬಣ್ಣ, ಚಾಮರಾಜಪೇಟೆ: ಅದು ಬೇರೆ ವಿಷಯ ಅಂತೆ! ಅಲ್ಲಿಯವರು ಕಪ್ಪಾಗೋಕೆ ದುಡ್ಡು ಸುರೀತಾರೆ, ಇಲ್ಲಿಯವರು ಬೆಳ್ಳಗಾಗೋಕೆ. ಇಬ್ಬರ ದುಡ್ಡೂ ಅಂಗಡಿಯವನ ಗಲ್ಲಾಪೆಟ್ಟಿಗೆಗೇ.

ಅಡ್ಮಿನ್: ದಯವಿಟ್ಟು ವೈಯಕ್ತಿಕ ಬೇಡ. ಪ್ರಶ್ನೆ ಮಾತ್ರ.

ವಾಣಿ, ಉತ್ತರಹಳ್ಳಿ: ಡಿ-ಟ್ಯಾನ್‌ಗೆ ಯಾವ ಪ್ಯಾಕ್ ಒಳ್ಳೇದು ಮೇಡಂ?

ಡಾ. ಮಾಲಿನಿ: ಮೇಲೆ ಹೇಳಿದ್ದೀನಿ.

ವಾಣಿ, ಉತ್ತರಹಳ್ಳಿ: ಕಾಣ್ಲಿಲ್ಲ, ಇನ್ನೊಂದ್ಸಲ ಹಾಕಿ ಪ್ಲೀಸ್.

ಗೀತಾ, ತ್ಯಾಗರಾಜನಗರ: ಇದು ಟ್ಯಾನಿಂಗ್ ಅಲ್ಲ, ಕ್ಷಮಿಸಿ. ನಮ್ಮತ್ತೆಗೆ 67. ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ ಒಂದು ಕಪ್ಪು ಪಟ್ಟೆ. ಆರು ತಿಂಗಳಿಂದ ಅಗಲ ಆಗ್ತಿದೆ, ನೋವಿಲ್ಲ.

ಡಾ. ಮಾಲಿನಿ: ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ, ನೋವಿಲ್ಲ ಅಂತ ಮುಂದೂಡಬೇಡಿ. ಎಲ್ಲ ಕಪ್ಪು ಪಟ್ಟೆಯೂ ಕೆಟ್ಟದ್ದಲ್ಲ, ಅಗಲ ಆಗ್ತಿರೋದನ್ನ ಮಾತ್ರ ನೋಡಲೇಬೇಕು. ನಾಗರಾಜ್ ಅವರೇ, ನೀವೂ ಓದಿ. ಟ್ಯಾನಿಂಗ್ ಬೆಡ್ ಮೇಲಿನ ಅಧ್ಯಯನಗಳು ಹೆಚ್ಚಾಗಿ ಬಿಳಿ ಚರ್ಮದವರ ಮೇಲೆ ಆಗಿವೆ, ನಮಗೆ ಆ ಅಪಾಯ ಕಮ್ಮಿ, ಅದು ನಿಜ. ಆದ್ರೆ ನಮ್ಮಂಥ ಬಣ್ಣದವರಿಗೆ ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರ್ ಬಂದ್ರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರೋದೇ ಹೆಚ್ಚು. ಹಾಡುಗಾರ ಬಾಬ್ ಮಾರ್ಲಿ 1981ರಲ್ಲಿ ಸತ್ತಿದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಮೆಲನೋಮಾದಿಂದ. ಇನ್ನು ಲ್ಯಾಂಪಿನಿಂದ ಬಂಗು ಹೆಚ್ಚಾಗೋದು, ಕಣ್ಣು ಕೆಡೋದು, ಮೈ ಸುಡೋದು, ಇದಕ್ಕೆಲ್ಲ ಯಾವ ಬಣ್ಣವೂ ಅಡ್ಡ ಬರಲ್ಲ.

ಹರೀಶ್, ಜೆ.ಪಿ. ನಗರ: ಕೊರೋನಾ ಟೈಮಲ್ಲಿ ತಂದ ಯುವಿ ಸ್ಯಾನಿಟೈಸರ್ ಟ್ಯೂಬ್ ಇದೆ. ಅದರ ಮುಂದೆ ಕೂತ್ರೆ ಟ್ಯಾನ್ ಆಗುತ್ತಾ?

ಡಾ. ಮಾಲಿನಿ: ಆಗಲ್ಲ. ಅದು ಯುವಿಸಿ, ಕ್ರಿಮಿ ಕೊಲ್ಲೋದು. ರಾತ್ರಿ ಹೊತ್ತಿಗೆ ಕಣ್ಣಲ್ಲಿ ಮರಳು ಸುರಿದ ಹಾಗಾಗುತ್ತೆ. ಯಾಕ್ರೀ ಇಂಥ ಯೋಚನೆ ಬರುತ್ತೆ?

ಹರೀಶ್, ಜೆ.ಪಿ. ನಗರ: ಸುಮ್ನೆ ಕೇಳ್ದೆ.

ಲತಾ, ಶ್ರೀನಗರ: ಟ್ಯಾನ್ ಹೋಗೋಕೆ ಮೆಡಿಕಲ್ ಸ್ಟೋರ್‌ನವರು ಒಂದು ಟ್ಯೂಬ್ ಕೊಟ್ರು, ಎರಡೇ ವಾರಕ್ಕೆ ಮುಖ ಬೆಳ್ಳಗಾಯ್ತು. ಬಿಟ್ರೆ ಕೆಂಪಗಾಗಿ ಉರಿಯುತ್ತೆ. ಮುಂದುವರಿಸಲಾ?

ಡಾ. ಮಾಲಿನಿ: ಟ್ಯೂಬಿನ ಹಿಂಬದಿ ಮೊಮೆಟಾಸೋನ್ ಅಥವಾ ಬೀಟಾಮೆಥಾಸೋನ್ ಅಂತ ಇದ್ಯಾ ನೋಡಿ. ಇದ್ರೆ ಅದು ಸ್ಟೀರಾಯ್ಡ್, ಚೀಟಿ ಇಲ್ಲದೆ ಕೊಡೋದೇ ತಪ್ಪು. ಇನ್ನು ಹಚ್ಚಬೇಡಿ. ಬಿಟ್ಟ ಮೇಲೆ ಕೆಲವು ವಾರ ಉರಿ ಜಾಸ್ತಿಯಾಗುತ್ತೆ, ಅದಕ್ಕೆ ಹೆದರಿ ಮತ್ತೆ ಶುರು ಮಾಡಬೇಡಿ, ಬಂದು ತೋರಿಸಿ.

ಸುಬ್ಬಣ್ಣ, ಚಾಮರಾಜಪೇಟೆ: ಡಾಕ್ಟ್ರಮ್ಮ, ಡಬ್ಲಿನ್‌ನಲ್ಲಿರೋ ನಮ್ಮ ಮೊಮ್ಮಗಳು ಮದುವೆಗೆ ಬರೋ ಮುಂಚೆ ಟ್ಯಾನಿಂಗ್ ಮಾಡಿಸ್ಕೊಂಡ್ರೆ ಇಲ್ಲಿ ಬಿಸಿಲು ತಾಗಲ್ಲ ಅಂತಾಳೆ. ನಿಜವಾ?

ಡಾ. ಮಾಲಿನಿ: ಇಲ್ಲ ಸುಬ್ಬಣ್ಣನವರೇ. ಹಾಗೆ ಬರೋ ಟ್ಯಾನ್ ಎಸ್‌ಪಿಎಫ್ 3, 4ರಷ್ಟು ರಕ್ಷಣೆ ಕೊಟ್ರೆ ಹೆಚ್ಚು. ಒಂದು ಛತ್ರಿ ತಗೊಂಡು ಬರೋಕೆ ಹೇಳಿ.

ಶಿಲ್ಪಾ, ಕುಮಾರಸ್ವಾಮಿ ಲೇಔಟ್: ನಿಮ್ಮ ಕ್ಲಿನಿಕ್ ಫೀಸ್ ಎಷ್ಟು ಮೇಡಂ? ಲೇಸರ್ ಮಾಡ್ತೀರಾ?

ನಾಗರಾಜ್, ಗಿರಿನಗರ: "ಕೊಬ್ಬರಿ ಎಣ್ಣೆಯೇ ನಿಸರ್ಗದ ಸನ್‌ಸ್ಕ್ರೀನ್! ಕಂಪನಿಗಳು ಮುಚ್ಚಿಟ್ಟ ಸತ್ಯ..."

ಡಾ. ಮಾಲಿನಿ: ನಾಗರಾಜ್ ಅವರೇ, ಒಂದು ಹುಡುಗಿಯ ಕಾಲು ಸುಟ್ಟ ವಿಷಯ ಬಂದು ಎರಡು ಗಂಟೆ ಆಗಿಲ್ಲ. ಕೊಬ್ಬರಿ ಎಣ್ಣೆ ದೋಸೆಕಲ್ಲಿಗೆ ಹಚ್ಚಿ. ಅಡ್ಮಿನ್, ಇವರನ್ನ ಏನಾದ್ರೂ ಮಾಡಿ, ಇಲ್ಲ ನಾನು ಹೊರಡ್ತೀನಿ.

ನಾಗರಾಜ್, ಗಿರಿನಗರ: ಒಳ್ಳೇದು ಮಾಡೋಕೆ ಬಂದವರಿಗೆ ಇದೇ ಮರ್ಯಾದೆ.

ಪ್ರಕಾಶ್, ಪದ್ಮನಾಭನಗರ: ಒಂದು ಸ್ಪಷ್ಟ ಮಾಡ್ತೀನಿ. ಮಾರಿದ ವಸ್ತು ವಾಪಸ್ ತಗೊಳ್ಳಲ್ಲ. ಎಣ್ಣೆ ಹಚ್ಚಿ ಅಂತ ನಾನು ಹೇಳಿರಲಿಲ್ಲ.

ಪವಿತ್ರಾ, ಬಸವನಗುಡಿ: ಮಾರೋಕೆ ಹಾಕಿದ ಪೋಸ್ಟ್‌ನಲ್ಲಿ "ಕೀಲುನೋವು, ಚರ್ಮದ ಎಲ್ಲ ಸಮಸ್ಯೆಗೂ ಉತ್ತಮ" ಅಂತ ಬರೆದಿದ್ರಿ. ಸ್ಕ್ರೀನ್‌ಶಾಟ್ ಇದೆ ನನ್ನ ಹತ್ತಿರ.

ಅಡ್ಮಿನ್: 12 ಆಯ್ತು. ನಾಗರಾಜ್ ಅವರ ಮೆಸೇಜ್‌ಗಳನ್ನ ಮೂರು ದಿನ ತಡೆಹಿಡಿದಿದ್ದೀನಿ. ಮೇಡಂಗೆ ಧನ್ಯವಾದ. ಉಳಿದ ಪ್ರಶ್ನೆ ಇನ್ನೊಮ್ಮೆ.

ರೂಪಾ, ಕತ್ರಿಗುಪ್ಪೆ: ಸೋಮವಾರ ಬೆಳಿಗ್ಗೆ ಬರೀತಿದ್ದೀನಿ ಮೇಡಂ. ನಿನ್ನೆ ಮಧ್ಯಾಹ್ನವೇ ಕ್ಯಾಶುವಾಲಿಟಿಗೆ ಹೋದ್ವಿ. ಔಷಧಿ ಹಚ್ಚಿ ಬ್ಯಾಂಡೇಜ್ ಕಟ್ಟಿದ್ದಾರೆ. ರಾತ್ರಿ ನೀವು ಹೇಳಿದ ಹಾಗೇ ಬೊಬ್ಬೆ ಎದ್ದಿದೆ, ಒಂದಂತೂ ಒಬ್ಬಟ್ಟಿನಷ್ಟಗಲ. ನಾಡಿದ್ದು ಡ್ರೆಸ್ಸಿಂಗ್‌ಗೆ ಬರಹೇಳಿದ್ದಾರೆ. ಗಂಡಿನ ಕಡೆಯವರಿಗೆ ವಿಷಯ ಅವಳೇ ಫೋನ್ ಮಾಡಿ ಹೇಳಿದ್ಲು, ನಾನು ಬೇಡ ಅಂದ್ರೂ ಕೇಳಲಿಲ್ಲ.

ಡಾ. ಮಾಲಿನಿ: ಹೇಳಿದ್ದು ಒಳ್ಳೇದಾಯ್ತು. ಜ್ವರ ಬಂದ್ರೆ, ಕೀವು ಕಂಡ್ರೆ ನಾಡಿದ್ದಿನ ತನಕ ಕಾಯಬೇಡಿ. ಗಾಯ ಪೂರ್ತಿ ಮಾಗಿದ ಮೇಲೆ ಅವಳನ್ನ ನನ್ನ ಹತ್ತಿರ ಕರ್ಕೊಂಡು ಬನ್ನಿ, ತೊನ್ನಿನ ಚಿಕಿತ್ಸೆ ಮೊದಲಿಂದ ನೋಡೋಣ. ಆ ಲ್ಯಾಂಪ್ ಈಗ ಎಲ್ಲಿದೆ?

ರೂಪಾ, ಕತ್ರಿಗುಪ್ಪೆ: ಮೈದುನ ತಗೊಂಡು ಹೋದ ಮೇಡಂ. ಮಂಡಿನೋವಿಗೆ ಶಾಖ ಕೊಟ್ಕೋತೀನಿ ಅಂದ.

ಡಾ. ಮಾಲಿನಿ: ಅವರ ನಂಬರ್ ಕಳಿಸಿ. ಈಗಲೇ.