ಹಳೇ ಯುದ್ಧವನ್ನು ಆಡಿ ತೋರಿಸಿದವರು ಯಾರಾದ್ರೂ ಇದ್ದೀರಾ? ಶಾಲೆ ಮಕ್ಕಳಿಗಾಗಿ ಕೇಳುತ್ತಿದ್ದೇನೆ

ಹಿರೋಡೆ ಮೇಷ್ಟ್ರು:

ನಮಸ್ಕಾರ. ನಾನು ಪಾಂಡವಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಡಿಸೆಂಬರಿನಲ್ಲಿ ಒಂಬತ್ತನೇ ಕ್ಲಾಸಿನವರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ, 1780ರಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆಯಲ್ಲ, ಅದರ ಮುಂದೆ ಒಬ್ಬ ಹುಡುಗ ನಿಂತೇಬಿಟ್ಟ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾನಿ ಬೈಲಿ, ಅವನ ಸುತ್ತ ಚೌಕವಾಗಿ ನಿಂತ ಕೆಂಪು ಕೋಟಿನವರು. ಹುಡುಗ ಕೇಳಿದ: "ಸಾರ್, ಇಷ್ಟು ಒತ್ತೊತ್ತಾಗಿ ನಿಂತ್ರೆ ಗುಂಡು ಯಾರಿಗಾದ್ರೂ ತಗುಲೇ ತಗುಲುತ್ತೆ. ಬಿಡಿಬಿಡಿಯಾಗಿ ಓಡಬಹುದಿತ್ತಲ್ವಾ?"

ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಅವನ ಮುಖ ನೋಡಿದರೆ ಒಪ್ಪಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಮಾಧಾನ ಆಗಲಿಲ್ಲ.

2015ರಲ್ಲಿ ವಾಟರ್ಲೂ ಯುದ್ಧಕ್ಕೆ 200 ವರ್ಷ ಆದಾಗ ಬೆಲ್ಜಿಯಂನಲ್ಲಿ ಸಾವಿರಾರು ಜನ ಸೇರಿ ಅದನ್ನು ಮತ್ತೆ ಆಡಿ ತೋರಿಸಿದ ವಿಡಿಯೋ ನೋಡಿದ್ದೇನೆ. ಅಂಥದ್ದರಲ್ಲಿ ನಿಂತು ಬಂದವರು ಇಲ್ಲಿ ಇದ್ದೀರಾ? ನಮ್ಮ ಮಕ್ಕಳು, ಊರಿನ ಹುಡುಗರು ಸೇರಿ ಟಿಪ್ಪು ಮಡಿದ 1799ರ ಮೇ 4ರ ಶ್ರೀರಂಗಪಟ್ಟಣದ ಕಾಳಗವನ್ನು ಚಿಕ್ಕದಾಗಿ ಮಾಡಬಹುದಾ? ಎಲ್ಲಿಂದ ಶುರು ಮಾಡಬೇಕು?

ಗಂಜಾಂ ಕಡೆಯವನು:

ಮೇಷ್ಟ್ರೇ, ನಾನು ನಿಂತು ಬಂದಿದ್ದೇನೆ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಮೂರು ವರ್ಷ ಇಂಥ ಒಂದು ತಂಡದಲ್ಲಿದ್ದೆ. ಅಲ್ಲಿ ಸೀಲ್ಡ್ ನಾಟ್ ಅಂತ 1968ರಲ್ಲಿ ಹುಟ್ಟಿದ ದೊಡ್ಡ ಸಂಸ್ಥೆ ಇದೆ. 1640ರ ದಶಕದಲ್ಲಿ ಅಲ್ಲಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಯುದ್ಧಗಳನ್ನು ಆಡಿ ತೋರಿಸುತ್ತಾರೆ. ನಾಂಟ್ವಿಚ್ ಅನ್ನೋ ಊರಿನಲ್ಲಿ ಪ್ರತಿ ಜನವರಿಯಲ್ಲಿ ಒಂದು ಕಾಳಗ. 1644ರ ಜನವರಿ 25ರಂದು ಆ ಊರಿನ ಮುತ್ತಿಗೆ ಬಿಟ್ಟಿತು. ಜನ ಖುಷಿಯಲ್ಲಿ ಹಾಲಿ ಗಿಡದ ಮುಳ್ಳೆಲೆಯನ್ನು ಟೋಪಿಗೆ ಸಿಕ್ಕಿಸಿಕೊಂಡರಂತೆ. ಈಗಲೂ ಸಿಕ್ಕಿಸಿಕೊಳ್ಳುತ್ತಾರೆ. ಊರ ನಡುವೆ ಮೊದಲು ಸತ್ತವರಿಗೆ ಹೂವಿನ ಚಕ್ರ ಇಡುತ್ತಾರೆ. ಆಮೇಲೆ ವೀವರ್ ನದಿ ಪಕ್ಕದ ಬಯಲಿಗೆ ಮೆರವಣಿಗೆ, ಕಾಳಗ ನಡೆಯುವುದು ಅಲ್ಲೇ.

ನನ್ನ ಕೈಗೆ ಕೊಟ್ಟದ್ದು 16 ಅಡಿ ಉದ್ದದ ಈಟಿ. ಬಂದೂಕು ಹಿಡಿಯಲು ಅಲ್ಲಿಯೂ ಲೈಸೆನ್ಸ್ ಬೇಕು, ಮದ್ದಿಗೆ ಬೇರೆ ಲೈಸೆನ್ಸ್. ಈಟಿ ಗಾಳಿಗೆ ತೂಗುತ್ತದೆ. ತುದಿ ಒಂದು ಕಡೆ ವಾಲಿದರೆ ಬುಡದಲ್ಲಿ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಎರಡು ಗುಂಪು ಎದುರಾದಾಗ ಈಟಿ ನೆಟ್ಟಗೆ ಎತ್ತಿ, ಭುಜಕ್ಕೆ ಭುಜ ಕೊಟ್ಟು ನೂಕುತ್ತೇವೆ. ಜಾತ್ರೆಯಲ್ಲಿ ತೇರು ಎಳೆಯುವಾಗ ಹಿಂದಿನಿಂದ ಬರುತ್ತಲ್ಲ, ಅದೇ ನೂಕು. ಉಸಿರು ಬಿಡಲು ಎದೆಗೆ ಜಾಗ ಇರುವುದಿಲ್ಲ.

ಎರಡನೇ ವರ್ಷ ಕೆಸರಿನಲ್ಲಿ ಕಾಲು ಜಾರಿ ಬಿದ್ದೆ, ನಾಲ್ಕು ಜನ ಮೇಲೆ ಬಿದ್ದರು. ಪ್ರತಿ ತಂಡಕ್ಕೂ ನಿಜವಾದ ಪೆಟ್ಟಿಗೆ ಮಾತ್ರ ಬಳಸುವ ಒಂದು ಕೂಗು ಇರುತ್ತದೆ. ಪಕ್ಕದವನು ಅದನ್ನು ಕೂಗಿದ. ಕ್ಷಣದಲ್ಲಿ "ಶತ್ರು"ಗಳೆಲ್ಲ ನಿಂತು, ಅವರೇ ನನ್ನನ್ನು ಎತ್ತಿದರು. ಪಕ್ಕೆಲುಬು ತಿಂಗಳುಗಟ್ಟಲೆ ನೋಯುತ್ತಿತ್ತು. ನೀವು ಏನೇ ಮಾಡಿ, ಆ ಒಂದು ಕೂಗನ್ನು ಮೊದಲು ಕಲಿಸಿ. ಬೀಳುವುದನ್ನು ಎರಡನೆಯದಾಗಿ ಕಲಿಸಿ. ಮೊದಲು ಮೊಣಕಾಲು, ಆಮೇಲೆ ತೊಡೆ, ಕೊನೆಗೆ ಭುಜ. ಯಾರ ದಾರಿಗೂ ಅಡ್ಡ ಬೀಳಬಾರದು.

ಈಗ ಆ ಹುಡುಗನ ಪ್ರಶ್ನೆ. ನನಗೂ ಅದೇ ಅನುಮಾನ ಇತ್ತು. ನಮ್ಮ ಪಕ್ಕದ ಸಾಲಿನವರು ಒಟ್ಟಿಗೆ ಗುಂಡು ಹಾರಿಸಿದಾಗ ಬಗೆಹರಿಯಿತು. ಬಿಳಿ ಹೊಗೆ, ಕೊಳೆತ ಮೊಟ್ಟೆಯ ವಾಸನೆ. ಗಾಳಿ ಇಲ್ಲದಿದ್ದರೆ ಹೊಗೆ ಏಳುವುದೇ ಇಲ್ಲ. ಕಣ್ಣಿಗೆ ಕಾಣುವುದು ಪಕ್ಕದವನ ಭುಜ ಒಂದೇ. ಆ ಭುಜ ಇದೆ ಅಂತಲೇ ನಾನು ನಿಂತಿದ್ದೆ. ಇನ್ನು 1780ರ ಬಂದೂಕು. ಅದರ ನಳಿಗೆ ಒಳಗೆ ನುಣುಪು, ಗುಂಡು ಸಡಿಲ. ನೂರು ಗಜ ದಾಟಿದರೆ ಎತ್ತ ಹೋಗುತ್ತದೋ ಹೇಳಲಾಗದು. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸಿದರೆ ಜಾಸ್ತಿ. ಒಬ್ಬನ ಗುಂಡನ್ನು ನಂಬುವ ಹಾಗಿಲ್ಲ, ಅದಕ್ಕೇ ಎಲ್ಲರೂ ಒಟ್ಟಿಗೆ. ಬಿಡಿಬಿಡಿಯಾಗಿ ಓಡಿದವನನ್ನು ಕುದುರೆ ಸವಾರ ಹಿಂದಿನಿಂದ ಬಂದು ಕಡಿಯುತ್ತಾನೆ.

ಮಂಡ್ಯದ ಭೀಮ:

ಮೇಷ್ಟ್ರೇ, ನಾನು ಪೌರಾಣಿಕ ನಾಟಕದಲ್ಲಿ 11 ವರ್ಷದಿಂದ ಭೀಮನ ಪಾತ್ರ ಮಾಡುತ್ತಿದ್ದೇನೆ. ಹಗಲು ಗದ್ದೆ ಕೆಲಸ, ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಪ್ರಾಕ್ಟೀಸು. ಗದಾಯುದ್ಧಕ್ಕೆ ನಮ್ಮಲ್ಲಿ ಎಣಿಕೆ ಇದೆ. ಎಷ್ಟನೇ ಪೆಟ್ಟು ಎಲ್ಲಿಗೆ ಬೀಳಬೇಕು ಅಂತ ಮೊದಲೇ ಗೊತ್ತು. ದುರ್ಯೋಧನನ ತೊಡೆಗೆ ಹೊಡೆಯುವಾಗ ಅವನ ಕಣ್ಣು ನೋಡಿ, ಅವನು ರೆಪ್ಪೆ ಬಡಿದ ಮೇಲೆಯೇ ಗದೆ ಇಳಿಸುತ್ತೇನೆ. ಇಂಥ ಜನ ಪ್ರತಿ ಊರಿನಲ್ಲೂ ಇದ್ದಾರೆ, ಅವರನ್ನು ಸೇರಿಸಿಕೊಳ್ಳಿ. ಬಾಡಿಗೆ ಡ್ರೆಸ್ ಮಾತ್ರ ತರಬೇಡಿ. ಎಲ್ಲ ಮಿಣಮಿಣ, ಸಿಪಾಯಿಗೆ ಹೊಂದುವುದಿಲ್ಲ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಮಕ್ಕಳನ್ನು ಹೆಣದ ಹಾಗೆ ಮಲಗಿಸಬೇಡಿ. ತಾಯಂದಿರು ನೋಡಲು ಬರುತ್ತಾರೆ.

ಪಟ್ಟಣದ ಹೊಳೆ ದಂಡೆ:

ನಾನು ಶ್ರೀರಂಗಪಟ್ಟಣದಲ್ಲೇ ಇರುವವನು. 1799ರ ಕಾಳಗವನ್ನು ಜಾಗದಲ್ಲೇ ಮಾಡುವ ಆಸೆ ಬಿಡಿ. ಅವತ್ತು ಮಧ್ಯಾಹ್ನ ಒಂದು ಗಂಟೆ ಸುಮಾರಿಗೆ ಇಂಗ್ಲಿಷ್ ಸೇನಾನಿ ಬೇರ್ಡ್‌ನ ಸೈನ್ಯ ಹೊಳೆ ದಾಟಿ ಬಿರುಕು ಬಿದ್ದ ಕೋಟೆ ಏರಿತು. ಬೇಸಿಗೆ, ನೀರು ಕಡಿಮೆ ಇತ್ತು, ಸರಿ. ಈಗ ಮೇಲೆ ಕನ್ನಂಬಾಡಿ ಕಟ್ಟೆ ಇದೆ. ನೀರು ಬಿಟ್ಟರೆ ಮೊಣಕಾಲಿನ ಹೊಳೆ ಸೊಂಟಕ್ಕೆ ಬರುತ್ತದೆ. ಬಂಡೆಗಳ ನಡುವೆ ಗುಂಡಿಗಳಿವೆ. ಈಜು ಬಂದವರೇ ಮುಳುಗಿದ್ದನ್ನು ಕಂಡಿದ್ದೇನೆ.

ಕೋಟೆ ಸಂರಕ್ಷಿತ ಸ್ಮಾರಕ, ಪುರಾತತ್ವ ಇಲಾಖೆ ಅನುಮತಿ ಬೇಕು. ಹಳೇ ಕಾಲದ ಮದ್ದು ತುಂಬುವ ಕೋವಿಗೂ ಲೈಸೆನ್ಸ್ ಬೇಕು. ಪಕ್ಕದಲ್ಲೇ ರಂಗನತಿಟ್ಟು, ಬೇಸಿಗೆಯಲ್ಲಿ ಗೂಡುಗಳಲ್ಲಿ ಮರಿ ಇರುತ್ತವೆ. ದಸರಾಕ್ಕೆ ಮುಂಚೆ ಮೈಸೂರಿನಲ್ಲಿ ಆನೆ, ಕುದುರೆಗಳ ಮುಂದೆ ಕುಶಾಲತೋಪು ಹಾರಿಸಿ ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ಹಕ್ಕಿಗಳಿಗೆ ಯಾರು ಮಾಡಿಸುತ್ತಾರೆ?

ಗಂಜಾಂ ಕಡೆಯವನು:

ಇಬ್ಬರ ಮಾತೂ ಸರಿ. ನನ್ನ ತಂಡದಲ್ಲೂ ಮಕ್ಕಳ ಕೈಗೆ ಆಯುಧ ಕೊಡುತ್ತಿರಲಿಲ್ಲ. ಅವರು ತಮಟೆ ಬಾರಿಸುತ್ತಿದ್ದರು, ನೀರು ಹೊರುತ್ತಿದ್ದರು.

ಮೇಷ್ಟ್ರೇ, 1799 ಬಿಡಿ, 1791 ತೆಗೆದುಕೊಳ್ಳಿ. ಮೇ 15ರಂದು ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಅರಕೆರೆ ಹತ್ತಿರ ಗೆದ್ದ. ಗೆದ್ದೂ ಪಟ್ಟಣಕ್ಕೆ ಮುತ್ತಿಗೆ ಹಾಕಲಾಗಲಿಲ್ಲ. ಮಳೆ ಹಿಡಿಯಿತು, ದವಸ ಮುಗಿಯಿತು, ಎತ್ತುಗಳು ರೋಗ ಬಂದು ರಾಶಿ ರಾಶಿ ಸತ್ತವು. ಎಳೆಯಲು ಎತ್ತಿಲ್ಲದೆ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿ ಹತ್ತಿರ ತಾನೇ ಒಡೆಸಿ ವಾಪಸ್ ಹೊರಟ. ಅವನ ಮಿತ್ರರಾದ ಮರಾಠರ ಸೈನ್ಯ ಬಂದು ಅವನನ್ನು ಕೂಡಿಕೊಂಡದ್ದು ಮೇಲುಕೋಟೆ ಕಡೆ, ನಿಮ್ಮ ತಾಲ್ಲೂಕಿನಲ್ಲೇ! ಹೈದರ್, ಟಿಪ್ಪು ಕಾಲದಲ್ಲಿ ಇಲ್ಲಿನ ಅಮೃತಮಹಲ್ ಎತ್ತುಗಳ ಓಟಕ್ಕೆ ಇಂಗ್ಲಿಷರೇ ಬೆರಗಾಗಿದ್ದರು. ಎತ್ತಿನ ಬಲದ ಮೇಲೆ ನಿಂತ ಯುದ್ಧ ಅದು. ಮದ್ದು ಬೇಡ, ಕೋವಿ ಬೇಡ. ಒಂದು ಮರದ ಫಿರಂಗಿ, ಹಗ್ಗ, ಮಳೆ ಬಂದ ಮಾರನೇ ದಿನದ ಗದ್ದೆ ಬದಿಯ ಕೆಸರು ಸಾಕು. ಎತ್ತಿನ ಬದಲು ನಲವತ್ತು ಜನ ಎಳೆಯಲಿ. ನೋಡುವವರನ್ನೂ ಹಗ್ಗಕ್ಕೆ ಕರೆಯಿರಿ.

ಹಿರೋಡೆ ಮೇಷ್ಟ್ರು:

ಎಲ್ಲರಿಗೂ ಉಪಕಾರ. ಶನಿವಾರ ಶಾಲೆ ಮೈದಾನದಲ್ಲಿ ಚಿಕ್ಕದೊಂದು ಪ್ರಯೋಗ ಮಾಡಿದೆ. ಹದಿನೆಂಟು ಮಕ್ಕಳಿಗೆ ಕಬ್ಬಿನ ಜಲ್ಲೆ ಕೊಟ್ಟು ಸಾಲಾಗಿ ನಿಲ್ಲಿಸಿದೆ. ಅದೇ ಅವರ ಕೋವಿ. ಒಂದು ಸಲ "ಢಂ" ಅಂದರೆ ಮತ್ತೆ ಮದ್ದು ತುಂಬಲು ಇಪ್ಪತ್ತು ಎಣಿಸಬೇಕು ಅಂತ ಹೇಳಿದ್ದೆ. ಉಳಿದ ಹದಿನೆಂಟು ಜನ ನೂರು ಹೆಜ್ಜೆ ಆಚೆಯಿಂದ ಓಡಿ ಬರಬೇಕು. ನಿಲ್ಲಿಸುವ ಕೂಗನ್ನು ಮೊದಲೇ ಕಲಿಸಿದ್ದೆ.

ಮೊದಲ ಸಲ ಒಬ್ಬೊಬ್ಬರೇ ಬೇಕಾದಾಗ "ಢಂ" ಅಂದರು. ಎರಡನೇ ಸಲ ಎಲ್ಲರೂ ಒಟ್ಟಿಗೆ. ದರಿಯಾ ದೌಲತ್‌ನಲ್ಲಿ ಪ್ರಶ್ನೆ ಕೇಳಿದ ಹುಡುಗ ಸಾಲಿನ ನಡುವೆ ಇದ್ದ. ಅವನು ಹದಿನಾರು ಎಣಿಸುವಷ್ಟರಲ್ಲಿ ಎದುರಿನವರು ಬಂದು ಮುಟ್ಟಿದರು. ಅವನು ಜಲ್ಲೆ ಬಿಟ್ಟು ಪಕ್ಕದವನ ಅಂಗಿ ಹಿಡಿದುಕೊಂಡಿದ್ದ. ಆಮೇಲೆ ನನ್ನ ಹತ್ತಿರ ಬಂದು, "ಸಾರ್, ಒಬ್ನೇ ಇದ್ದಿದ್ರೆ ನಾನು ಓಡ್ಬಿಡ್ತಿದ್ದೆ" ಅಂದ.

ಮುಂಗಾರು ಹಿಡಿಯುತ್ತಿದ್ದ ಹಾಗೆ ಫಿರಂಗಿ ಎಳೆಯೋಣ. ನಮ್ಮ ಊರಿನ ಬಡಗಿ ಹಳೇ ಗಾಡಿಯ ಎರಡು ಚಕ್ರ ಕೊಡುತ್ತೇನೆ ಅಂದಿದ್ದಾರೆ. ಭೀಮನವರೇ, ಭಾನುವಾರ ಬಿಡುವಿದ್ದರೆ ಬನ್ನಿ. ದೊಡ್ಡವರಿಗೆ ಬೀಳುವುದನ್ನು ನೀವೇ ಕಲಿಸಬೇಕು.