ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಕ್ಯಾನ್ಸರ್ ಅರಿವು: ಪ್ರಶ್ನಾವಳಿ ಎಲ್ಲಿ ಎಡವುತ್ತಿದೆ?

ಪ್ರಶ್ನೆ: ಸಮುದಾಯದವರೇ ನಡೆಸುವ ಸಮೀಕ್ಷೆ. "ಇದರಿಂದ ಕ್ಯಾನ್ಸರ್ ಬರುತ್ತಾ?" ಅಂತ ತಂಬಾಕು, ಮದ್ಯ, ಬೊಜ್ಜಿನ ಪಟ್ಟಿ ಓದಿದರೆ ಎಲ್ಲರೂ ಎಲ್ಲದಕ್ಕೂ "ಹೌದು" ಅಂತಾರೆ. ಏನು ಮಾಡೋದು?

ಉತ್ತರ 1: ಪಟ್ಟಿಯನ್ನೇ ಮೊದಲು ಓದಬೇಡಿ. "ಕ್ಯಾನ್ಸರ್ ಯಾವುದರಿಂದ ಬರುತ್ತೆ ಅನ್ಸುತ್ತೆ?" ಅಂತ ಕೇಳಿ, ಅವರ ಮಾತಲ್ಲೇ ಬರೆದುಕೊಳ್ಳಿ. ಆಮೇಲೆ ಪಟ್ಟಿ ಓದಿ. ಅದರಲ್ಲಿ ಕಾರಣವಲ್ಲದ ಒಂದೆರಡು ಅಂಶ ಸೇರಿಸಿ, ಸುಮ್ಮನೆ "ಹೌದು" ಅನ್ನೋರು ಯಾರು ಅಂತ ಗೊತ್ತಾಗುತ್ತೆ. "ಗೊತ್ತಿಲ್ಲ" ಅನ್ನೋ ಆಯ್ಕೆ ಇರಲೇಬೇಕು.

ಉತ್ತರ 2: ಅನುವಾದವನ್ನೂ ಪರೀಕ್ಷಿಸಿ. ಮೂಲ ಪ್ರಶ್ನಾವಳಿ ನೋಡದವರಿಂದ ಅದನ್ನು ಮತ್ತೆ ಮೂಲ ಭಾಷೆಗೆ ಅನುವಾದ ಮಾಡಿಸಿ ಹೋಲಿಸಿ, 5-6 ಜನರಿಗೆ ಓದಿ "ನಿಮಗೇನು ಅರ್ಥವಾಯ್ತು?" ಅಂತ ಕೇಳಿ. "ಅಪಾಯ" ಅಂದ್ರೆ ರೋಗ ಬಂದೇ ಬರುತ್ತೆ ಅಂತ ಕೆಲವರು ತಿಳೀಬಹುದು. "ಬರುವ ಸಾಧ್ಯತೆ ಹೆಚ್ಚು" ಅಂತ ಬರೆಯೋದೇ ವಾಸಿ.

ಉತ್ತರ 3: ದಯವಿಟ್ಟು ಮನೆಯವರನ್ನು ದುಭಾಷಿ ಮಾಡಬೇಡಿ. ಮಗನ ಎದುರು ಗರ್ಭಕಂಠದ ಪ್ರಶ್ನೆ ಕೇಳಿದರೆ ತಾಯಿ ಬಾಯಿ ಬಿಡಲ್ಲ.